ಗೋಳಗುಮ್ಮಟದ ಸುಣ್ಣ: ನನ್ನ ಅನುಭವ

ವಿಜಯಪುರದ ಗೋಳಗುಮ್ಮಟವನ್ನು ನೋಡಲು ಬರುವವರಲ್ಲಿ ಬಹುತೇಕರು ಅದನ್ನು ಪೂರ್ತಿ ಕಲ್ಲಿನ ಕಟ್ಟಡವೆಂದೇ ತಿಳಿದಿರುತ್ತಾರೆ. ಗೋಡೆಗಳ ಮಟ್ಟಿಗೆ ಈ ತಿಳಿವಳಿಕೆ ಸರಿ. ಈ ಸೀಮೆಯ ನೆಲದಡಿಯಲ್ಲೇ ಸಿಗುವ ಕಪ್ಪು ಬಸಾಲ್ಟ್ ಕಲ್ಲಿನಿಂದ ಅವುಗಳನ್ನು ಕಟ್ಟಲಾಗಿದೆ. ಆದರೆ ಮೇಲಿನ ಗುಮ್ಮಟವನ್ನು ಕಟ್ಟಿರುವುದು ಇಟ್ಟಂಗಿ ಮತ್ತು ಸುಣ್ಣದ ಗಾರೆಯಲ್ಲಿ. ಇಟ್ಟಂಗಿಗಳನ್ನು ಅಡ್ಡವರಸೆಗಳಲ್ಲಿ ಜೋಡಿಸಿ, ವರಸೆ ವರಸೆಯ ನಡುವೆ ದಪ್ಪನಾಗಿ ಗಾರೆ ತುಂಬಿ, ಬುಡದಲ್ಲಿ ಸುಮಾರು 10 ಅಡಿ ಹಾಗೂ ನೆತ್ತಿಯಲ್ಲಿ ಸುಮಾರು 9 ಅಡಿ ದಪ್ಪ ಬರುವಂತೆ ಅದನ್ನು ಎಬ್ಬಿಸಿದ್ದಾರೆ. ಗಾರೆಯ ಪಾಲು ಎಷ್ಟು ದೊಡ್ಡದೆಂದರೆ, ಇಡೀ ಗುಮ್ಮಟವನ್ನು ಒಳಗೆ ಇಟ್ಟಂಗಿ ಹುದುಗಿಸಿದ ಒಂದೇ ಸುಣ್ಣದ ಚಿಪ್ಪು ಎಂದು ಕರೆದರೂ ತಪ್ಪಾಗಲಾರದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಅಲ್ಲಿ ಯಾವ ದುರಸ್ತಿಗೆ ಕೈ ಹಾಕಿದರೂ ಅದು ಕಟ್ಟಡಕ್ಕೆ ಒಳ್ಳೆಯದನ್ನು ಮಾಡುವುದಿಲ್ಲ.

ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಸ್ಮಾರಕ ಸಂರಕ್ಷಣೆಯ ಕೆಲಸಕ್ಕೆ ಸೇರಿದವನು. ಓದಿನ ಕಾಲದಲ್ಲಿ ನಮಗೆ ಸುಣ್ಣದ ಬಗ್ಗೆ ಸಿಕ್ಕಿದ್ದು ಅರ್ಧ ಪುಟದ ಟಿಪ್ಪಣಿ. ಉಳಿದದ್ದೆಲ್ಲ ಸಿಮೆಂಟು, ಕಬ್ಬಿಣ, ಕಾಂಕ್ರೀಟಿನ ಲೆಕ್ಕ. ಸುಣ್ಣವನ್ನು ಸುಡುವುದು, ಅರಳಿಸುವುದು, ಕೊಳೆಹಾಕುವುದು, ಅರೆಯುವುದು, ಹಚ್ಚುವುದು ಇವೆಲ್ಲವನ್ನು ನಾನು ಕಲಿತದ್ದು ವಿಜಯಪುರದ ಗೌಂಡಿಗಳ ಕೈಕೆಳಗೆ ನಿಂತು. ಕಾಗದದ ಮೇಲೆ ಅವರ ಮೇಲ್ವಿಚಾರಕ ನಾನಾಗಿದ್ದೆ, ಸಾರುವೆಯ ಮೇಲೆ ಮಾತ್ರ ಅದು ತಿರುಗಾಮುರುಗಾ ಆಗಿತ್ತು. ಇಲ್ಲಿ ಬರೆಯುತ್ತಿರುವುದು ಗೋಳಗುಮ್ಮಟದ ಮಾಳಿಗೆ (ಗುಮ್ಮಟದ ಸುತ್ತಲಿನ ತೆರೆದ ಛಾವಣಿ), ಗುಮ್ಮಟದ ಬುಡ ಮತ್ತು ಒಳಗಿನ ಗ್ಯಾಲರಿಯ ಸುಣ್ಣದ ಕೆಲಸವನ್ನು ನಾವು ಹೇಗೆ ಮಾಡಿದೆವೆಂಬುದನ್ನು.

ಕೆಲಸ ಅರ್ಥವಾಗಬೇಕಾದರೆ ಕಟ್ಟಡ ಅರ್ಥವಾಗಬೇಕು. 1627ರಿಂದ 1656ರವರೆಗೆ ಬಿಜಾಪುರವನ್ನು ಆಳಿದ ಮಹಮ್ಮದ್ ಆದಿಲ್‌ಶಾಹ ಬದುಕಿರುವಾಗಲೇ ತನ್ನ ಸಮಾಧಿಗಾಗಿ ಇದನ್ನು ಕಟ್ಟಿಸಿದ. ದಾಭೋಳದ ಯಾಕುತ್ ಎಂಬಾತ ಇದರ ಶಿಲ್ಪಿಯೆಂದು ಹೇಳುವ ವಾಡಿಕೆಯಿದೆ. ದಕ್ಷಿಣದ ಬಾಗಿಲಿನ ಮೇಲೆ ಪಾರಸಿಯಲ್ಲಿ ಮೂರು ಚಿಕ್ಕ ವಾಕ್ಯಗಳಿದ್ದು, ಪ್ರತಿಯೊಂದರ ಅಕ್ಷರಗಳ ಬೆಲೆಯನ್ನು ಕೂಡಿಸಿದರೂ ಹಿಜರಿ 1067 ಬರುತ್ತದೆ. ಅದು ಸುಲ್ತಾನ ತೀರಿಕೊಂಡ ವರ್ಷ. ಒಳಗೆ ನಡುವಿನ ಕಟ್ಟೆಯ ಮೇಲೆ ಕಾಣುವುದು ಸಮಾಧಿಗಳ ಗುರುತುಗಳು ಮಾತ್ರ, ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಗುಮ್ಮಟದ ಹೊರ ವ್ಯಾಸ 144 ಅಡಿ, ಒಳ ವ್ಯಾಸ 124 ಅಡಿ 5 ಅಂಗುಲ. ಇದು ಜಗತ್ತಿನ ಎರಡನೆಯ ದೊಡ್ಡ ಗುಮ್ಮಟವೆಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಇದಕ್ಕಿಂತ ಮೊದಲೇ ಕಟ್ಟಿದ ರೋಮಿನ ಪ್ಯಾಂಥಿಯನ್ ಮತ್ತು ಸೇಂಟ್ ಪೀಟರ್ ಚರ್ಚುಗಳೆರಡರ ಗುಮ್ಮಟಗಳ ಒಳ ವ್ಯಾಸವೂ ಇದಕ್ಕಿಂತ ಹೆಚ್ಚಾಗಿರುವುದರಿಂದ ಆ ಮಾತು ನಿಲ್ಲುವುದಿಲ್ಲ. ಹೆಮ್ಮೆಪಡಲು ಬೇರೆಯದೇ ಕಾರಣವಿದೆ: ನಡುವೆ ಒಂದು ಕಂಬವೂ ಇಲ್ಲದೆ ಈ ಗುಮ್ಮಟದಡಿ ಮುಚ್ಚಿರುವ ನೆಲ ಸುಮಾರು 18,300 ಚದರ ಅಡಿ, ಪ್ಯಾಂಥಿಯನ್‌ನದು ಸುಮಾರು 15,800.

ಚಿಕ್ಕ ಗುಮ್ಮಟ ಹೆಚ್ಚು ನೆಲವನ್ನು ಮುಚ್ಚಿದ್ದು ಹೇಗೆ? ಉತ್ತರ ಕಮಾನುಗಳಲ್ಲಿದೆ. ಒಳಗಿನ ಚೌಕದಿಂದ ಎದ್ದ ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲಕ್ಕೆ ಹೋದಂತೆ ಚೌಕವನ್ನು ಎಂಟು ಮೂಲೆಯಾಗಿಸಿ, ಅದರ ಮೇಲೆ ಒಂದು ದುಂಡನೆಯ ಜಗಲಿಯನ್ನು ಹೊರುತ್ತವೆ. ಗುಮ್ಮಟ ಈ ಜಗಲಿಯ ಒಳ ಅಂಚಿನಲ್ಲಿ ಕೂರದೆ ಹಿಂದಕ್ಕೆ ಸರಿದು ಕುಳಿತಿದೆ. ಉಳಿದ ಸುಮಾರು 11 ಅಡಿ ಅಗಲದ ಜಾಗವೇ ಜನ ಕೂಗಿ ಕೇಳುವ ಪಿಸುಮಾತಿನ ಗ್ಯಾಲರಿ. ಒಳಕ್ಕೆ ಚಾಚಿಕೊಂಡ ಈ ಕಮಾನುಗಳ ರಾಶಿ ಭಾರ, ಹೊರಕ್ಕೆ ಒತ್ತುವ ಗುಮ್ಮಟದ ನೂಕುಬಲಕ್ಕೆ ಎದುರಾಗಿ ನಿಲ್ಲುತ್ತದೆ ಎಂಬುದು ಬಹುಕಾಲದಿಂದ ಎಂಜಿನಿಯರರು ಒಪ್ಪಿಕೊಂಡು ಬಂದ ವಿವರಣೆ. ದುರಸ್ತಿ ಮಾಡುವವನಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಗ್ಯಾಲರಿಯ ಹಿಂದಿನ, ಹೊರ ಮಾಳಿಗೆಯ ಕೆಳಗಿನ ಈ ಭಾಗ ಒಣಗಿ ಗಟ್ಟಿಯಾಗಿದ್ದರೆ ಗುಮ್ಮಟ ಕ್ಷೇಮವಾಗಿರುತ್ತದೆ. ಅಲ್ಲಿಗೆ ನೀರು ಇಳಿಯಲು ಬಿಟ್ಟರೆ ಗುಮ್ಮಟದ ಮೈಮೇಲೆ ಎಷ್ಟು ಖರ್ಚು ಮಾಡಿದರೂ ಪ್ರಯೋಜನವಿಲ್ಲ. ಆದ್ದರಿಂದಲೇ ಪ್ರವಾಸಿಗರ ಕಣ್ಣಿಗೆ ಬೀಳುವ ಜಾಗಗಳಿಗಿಂತ, ಅವರು ಗ್ಯಾಲರಿಗೆ ಹೋಗುವ ಅವಸರದಲ್ಲಿ ತುಳಿದುಕೊಂಡು ಹೋಗುವ ಮಾಳಿಗೆಯ ಮೇಲೆ ನಮ್ಮ ಹೆಚ್ಚಿನ ಸಮಯ ಕಳೆಯುತ್ತಿತ್ತು.

ಔರಂಗಜೇಬ 1686ರಲ್ಲಿ ನಗರವನ್ನು ಗೆದ್ದ ಮೇಲೆ ಬಿಜಾಪುರದ ಕಟ್ಟಡಗಳಿಗೆ ಆಸರೆಯಾಗಿದ್ದ ರಾಜಮನೆತನ ಇಲ್ಲವಾಯಿತು. ಮುಂದಿನ ಸುಮಾರು ಎರಡು ಶತಮಾನ ಈ ಗುಮ್ಮಟವನ್ನು ಕಾಪಾಡಿದ್ದು ಅದರ ದಪ್ಪ ಮತ್ತು ಈ ಸೀಮೆಯ ಕಡಿಮೆ ಮಳೆ. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಬ್ರಿಟಿಷ್ ಅಧಿಕಾರಿಗಳು ಹಳೆಯ ಮಹಲು, ಮಸೀದಿಗಳನ್ನೇ ಕಚೇರಿಗಳಾಗಿಯೂ ವಸತಿಗಳಾಗಿಯೂ ಮಾಡಿಕೊಂಡರು. ಗೋಳಗುಮ್ಮಟದ ಪಶ್ಚಿಮಕ್ಕಿರುವ ಮಸೀದಿಯನ್ನು ಪ್ರವಾಸಿ ಬಂಗಲೆಯಾಗಿ ಬಳಸಲಾಗುತ್ತಿತ್ತು. ಇಂಥ ಬಳಕೆಗಳನ್ನು ತೆರವು ಮಾಡಿಸಲು ಲಾರ್ಡ್ ಕರ್ಜನ್ ಆಸಕ್ತಿ ವಹಿಸಿದ. ದಕ್ಷಿಣದ ನಗಾರಖಾನೆಯಲ್ಲಿ 1892ರಲ್ಲಿ ವಸ್ತುಸಂಗ್ರಹಾಲಯ ಆರಂಭವಾಯಿತು, ಅದು ಇಂದಿಗೂ ಅಲ್ಲಿಯೇ ಇದೆ. 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಬಂದ ಬಳಿಕ ಕೆಲಸಕ್ಕೆ ಕ್ರಮ ಬಂತು. ಪುರಾತತ್ತ್ವ ಸರ್ವೇಕ್ಷಣದ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟಿಸಿದ ಬಿಜಾಪುರದ ಅಳತೆಗಳು ಮತ್ತು ನಕ್ಷೆಗಳನ್ನೇ ನಾವು ಈಗಲೂ ಮೊದಲು ತೆರೆದು ನೋಡುವುದು. 1923ರಲ್ಲಿ ಸರ್ವೇಕ್ಷಣದ ಮಹಾನಿರ್ದೇಶಕ ಜಾನ್ ಮಾರ್ಷಲ್ ಹೊರತಂದ ಸಂರಕ್ಷಣಾ ಕೈಪಿಡಿಯು, ಹಳೆಯ ಕಟ್ಟಡವನ್ನು ಹೊಸದಾಗಿಸುವುದಕ್ಕಿಂತ ಇದ್ದಂತೆ ಉಳಿಸುವುದೇ ಮೊದಲ ಕರ್ತವ್ಯವೆಂದು ಸ್ಪಷ್ಟವಾಗಿ ಹೇಳಿತು. ಹಾಗೆ ಹೇಳಿದ ಶತಮಾನದಲ್ಲೇ ದೇಶದ ಎಲ್ಲೆಡೆ ಸ್ಮಾರಕಗಳ ಮೇಲೆ ಸಿಮೆಂಟು ಏರಿದ್ದು ಒಂದು ವಿಚಿತ್ರ. ಸಿಮೆಂಟು ಬೇಗ ಗಟ್ಟಿಯಾಗುತ್ತಿತ್ತು, ಚೀಲದಲ್ಲಿ ಸಿಗುತ್ತಿತ್ತು, ಅಂದಾಜುಪಟ್ಟಿಗೆ ಸುಲಭವಾಗಿ ಹೊಂದುತ್ತಿತ್ತು. ಆ ಕಾಲದವರನ್ನು ನಾನು ಬಯ್ಯುವುದಿಲ್ಲ. ಅವರಿಗೆ ಅದು ಒಳ್ಳೆಯ ವಸ್ತುವಾಗಿಯೇ ಕಂಡಿತ್ತು.

ನಮ್ಮ ವರ್ಷ ಮಳೆಗಾಲದಿಂದ ಆರಂಭವಾಗುತ್ತದೆ. ದುರಸ್ತಿ ನಡೆಯುವುದು ಮಳೆ ನಿಂತ ಮೇಲಾದರೂ ತಪಾಸಣೆ ಆಗಬೇಕಾದದ್ದು ಮಳೆ ಸುರಿಯುವಾಗ. ಒಂದು ಜೋರು ಮಳೆ ಬಿದ್ದ ದಿನ ಮೂಲೆಯ ಗೋಪುರದ ಸುರುಳಿ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ನಿಂತರೆ, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಮಡುವಾಗುತ್ತದೆ, ನೀರು ಹೊರಹೋಗುವ ಯಾವ ದೋಣಿ ಕಟ್ಟಿಕೊಂಡಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಣ ದಿನದಲ್ಲಿ ಎಷ್ಟು ಅಳತೆ ತೆಗೆದರೂ ಅದು ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಮಡುವಿನ ಅಂಚನ್ನು ಸೀಮೆಸುಣ್ಣದಿಂದ ಬರೆಯಲು ಆಗದ ಕಾರಣ ಸಣ್ಣ ಕಲ್ಲುಗಳನ್ನಿಟ್ಟು ಗುರುತು ಮಾಡುತ್ತಿದ್ದೆವು. ಮಳೆ ನಿಂತ ಮರುದಿನ ಒಳಗೆ ಗ್ಯಾಲರಿಯಲ್ಲಿ ಸುತ್ತಿ, ಗೋಡೆಯ ಮೇಲೆ ಎಲ್ಲಿ ತೇವ ಮೂಡಿದೆಯೆಂದು ನೋಡಿ, ಮೇಲಿನ ಗುರುತಿಗೂ ಒಳಗಿನ ತೇವಕ್ಕೂ ಸಂಬಂಧ ಕಟ್ಟುವುದು ಮುಂದಿನ ಹೆಜ್ಜೆ. ಎರಡೂ ಒಂದರ ಕೆಳಗೊಂದು ಬರುವುದು ಅಪರೂಪ. ನೀರು ಸಂದಿನಲ್ಲಿಳಿದು ತನಗೆ ದಾರಿ ಸಿಕ್ಕ ಕಡೆ ಹರಿದು ಎಷ್ಟೋ ಅಡಿ ಆಚೆ ಹೊರಬರುವುದುಂಟು.

ಗುಮ್ಮಟದ ಬುಡದ ಸುತ್ತ ದೊಡ್ಡ ಕಮಲದ ಎಸಳುಗಳ ಸಾಲಿದೆ. ಕೆಳಗಿನಿಂದ ನೋಡುವವರಿಗೆ ಅದು ಅಂದ, ನಮಗೆ ಅದೇ ದೊಡ್ಡ ತಲೆನೋವು. ಎಸಳಿನ ಹಿಂದಿನ ಸಂದಿಯಲ್ಲಿ ಗಾಳಿ ತಂದ ಧೂಳು ಕೂರುತ್ತದೆ, ಪಾರಿವಾಳಗಳ ಹಿಕ್ಕೆಯೊಂದಿಗೆ ಅರಳಿ ಮತ್ತು ಆಲದ ಬೀಜ ಬೀಳುತ್ತವೆ, ಒಂದೇ ಮಳೆಗಾಲ ಸಾಕು ಸಸಿ ಏಳಲು. ಸಸಿಯನ್ನು ಕಂಡ ಕೂಡಲೇ ಕಿತ್ತುಹಾಕಬೇಕೆನಿಸುವುದು ಸಹಜ. ಬೆರಳುದ್ದವಿದ್ದಾಗ ಕೀಳಬಹುದು, ಕಾಂಡ ಬಲಿತ ಮೇಲೆ ಕೀಳಬಾರದು. ಬೇರು ಗಾರೆಯನ್ನು ತಬ್ಬಿಕೊಂಡಿರುವುದರಿಂದ ಎಳೆದರೆ ಇಟ್ಟಂಗಿಯೂ ಕಿತ್ತು ಬರುತ್ತದೆ. ನಾವು ಕಾಂಡವನ್ನು ಬುಡಕ್ಕೆ ಕತ್ತರಿಸಿ, ಮೋಟಿನಲ್ಲಿ ಸಣ್ಣ ರಂಧ್ರ ಕೊರೆದು, ಅದರೊಳಗೆ ಮಾತ್ರ ಕಳೆನಾಶಕ ಬಿಟ್ಟು, ಮೇಲೆ ಮಣ್ಣು ಮೆತ್ತಿ ಬಿಡುತ್ತಿದ್ದೆವು. ಬೇರು ಸತ್ತು ಒಣಗಿ ಕುಗ್ಗಿದ ನಂತರ ಅದನ್ನು ತುಂಡುತುಂಡಾಗಿ ಬಿಡಿಸಿ, ಉಳಿದ ಪೊಳ್ಳಿಗೆ ಮೊದಲು ನೀರು ಹಾಯಿಸಿ ತೊಳೆದು, ತೆಳುವಾದ ಸುಣ್ಣದ ಹಾಲನ್ನು ಕೆಳಗಿನ ರಂಧ್ರದಿಂದ ಆರಂಭಿಸಿ ಮೇಲಕ್ಕೆ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಪೊಳ್ಳು ಹಾಗೆಯೇ ಉಳಿಯುತ್ತದೆ.

ಇನ್ನು ಸುಣ್ಣದ ತಯಾರಿಗೆ ಬರುತ್ತೇನೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿನ ಅದೇ ಅನಿಲವನ್ನು ನಿಧಾನವಾಗಿ ಮರಳಿ ಪಡೆದು ಪುನಃ ಕಲ್ಲಾಗುತ್ತದೆ. ರಸಾಯನ ಇಷ್ಟೇ, ಆದರೆ ಪ್ರತಿ ಹಂತದಲ್ಲೂ ಕೆಡುವ ಅವಕಾಶವಿದೆ. ಭಟ್ಟಿಯಿಂದ ಬಂದ ಸುಣ್ಣವನ್ನು ಕೂಡಲೇ ಅರಳಿಸದೆ ಚೀಲದಲ್ಲಿಟ್ಟರೆ ಗಾಳಿಯ ತೇವಕ್ಕೇ ಸತ್ತುಹೋಗುತ್ತದೆ. ಸರಿಯಾಗಿ ಬೇಯದ ಕಲ್ಲಿನ ಚೂರುಗಳು ಅರಳದೆ ಉಳಿದರೆ ಅವುಗಳಲ್ಲಿ ಬಲವಿಲ್ಲ, ಅತಿಯಾಗಿ ಬೆಂದ ಚೂರುಗಳಾದರೆ ಇನ್ನೂ ಕೆಟ್ಟವು: ಅವು ತಿಂಗಳುಗಟ್ಟಲೆ ಸುಮ್ಮನಿದ್ದು, ಗಿಲಾವು ಹಚ್ಚಿದ ಮೇಲೆ ಒಳಗೊಳಗೇ ಅರಳಿ, ಮೇಲ್ಮೈಯನ್ನು ಬಟಾಣಿ ಗಾತ್ರದ ಗುಳಿಗಳಾಗಿ ಎಬ್ಬಿಸಿಬಿಡುತ್ತವೆ. ಹಾಗಾಗಿ ಅರಳಿಸಿದ ಸುಣ್ಣವನ್ನು ಸಣ್ಣ ಜರಡಿಯಲ್ಲಿ ಸೋಸಿ, ತಗ್ಗಿಗೆ ಇಳಿಸಿ, ಮೇಲೆ ಸದಾ ಒಂದು ಗೇಣು ನೀರು ನಿಲ್ಲುವಂತೆ ಮಾಡಿ ಕೊಳೆಯಲು ಬಿಡುತ್ತಿದ್ದೆವು. ಎಷ್ಟು ಕಾಲ ಬಿಡಬೇಕೆಂದು ಕೇಳಿದಾಗ ಹಿರಿಯ ಗೌಂಡಿಯೊಬ್ಬರು ಕೊಟ್ಟ ಉತ್ತರ ನೆನಪಿದೆ: "ಸುಣ್ಣ ಹಣ್ಣಾಗಬೇಕ್ರಿ ಸಾಹೇಬ್ರ, ಹಸೀದು ಹಚ್ಚಿದ್ರ ಬರೂ ಮಳಿಗಾಲಕ್ಕ ಉದರ್ತದ." ಹಣ್ಣಾಯಿತೆಂದು ತಿಳಿಯಲು ಅವರು ತಗ್ಗಿನ ತಳದಿಂದ ಒಂದು ಕರಣಿ ಎತ್ತಿ ಕೊಯ್ದು ತೋರಿಸುತ್ತಿದ್ದರು, ಬೆಣ್ಣೆ ಕೊಯ್ದಂತೆ ನುಣುಪಾಗಿ ಬಿಚ್ಚಿಕೊಳ್ಳಬೇಕು, ಒಂದು ಹರಳೂ ಕರಣಿಗೆ ಕರಕರ ಎನ್ನಬಾರದು.

ಗಾರೆಗೆ ಸುಣ್ಣದ ಜೊತೆ ಉಸುಕು ಮತ್ತು ಸುರ್ಕಿ ಬೇಕು. ಸುರ್ಕಿಯೆಂದರೆ ಸುಟ್ಟ ಇಟ್ಟಂಗಿಯ ಪುಡಿ. ಅದರಲ್ಲಿರುವ ಸಿಲಿಕಾ, ಅಲ್ಯುಮಿನಾಗಳು ಸುಣ್ಣದೊಂದಿಗೆ ಕೂಡಿಕೊಂಡು ಗಾಳಿ ಸಾಕಷ್ಟು ತಾಗದ ಒಳಭಾಗದಲ್ಲೂ, ತೇವದಲ್ಲೂ ಗಾರೆ ಗಟ್ಟಿಯಾಗುವಂತೆ ಮಾಡುತ್ತವೆ. 10 ಅಡಿ ದಪ್ಪದ ಚಿಪ್ಪಿನ ನಡುವಿನ ಸುಣ್ಣಕ್ಕೆ ಗಾಳಿ ಸಿಗುವುದು ಹೇಗೆಂಬ ಪ್ರಶ್ನೆ ಕೇಳಿಕೊಂಡರೆ ಇದರ ಮಹತ್ವ ತಿಳಿಯುತ್ತದೆ. ಇಟ್ಟಂಗಿ ಹದವಾಗಿ ಬೆಂದಿರಬೇಕು. ಕರಕಲಾದ ಇಟ್ಟಂಗಿಯ ಪುಡಿಯಲ್ಲಿ ಈ ಗುಣ ಸತ್ತಿರುತ್ತದೆ, ಅದು ಬರಿಯ ಕೆಂಪು ಉಸುಕು. ಪೂರೈಕೆದಾರರು ಭಟ್ಟಿಯ ಕಸವನ್ನೇ ಪುಡಿಮಾಡಿ ಕಳಿಸಿದ ಉದಾಹರಣೆಗಳೂ ಇದ್ದುದರಿಂದ, ನಾವು ಇಡೀ ಇಟ್ಟಂಗಿಗಳನ್ನು ತರಿಸಿ ನಮ್ಮ ಕಣ್ಣೆದುರೇ ಕುಟ್ಟಿಸುವ ಪದ್ಧತಿ ಇಟ್ಟುಕೊಂಡಿದ್ದೆವು.

ಉಸುಕಿನ ವಿಚಾರದಲ್ಲಿ ವಿಜಯಪುರ ಜಿಲ್ಲೆಗೆ ಒಂದು ವಿಶೇಷ ತೊಂದರೆಯಿದೆ. ಹತ್ತಿರದ ಡೋಣಿ ನದಿಯ ನೀರು ಉಪ್ಪುಪ್ಪಾಗಿದೆ. "ಡೋಣಿ ಬೆಳೆದರೆ ಓಣೆಲ್ಲ ಕಾಳು" ಎಂಬ ಮಾತು ಜೋಳಕ್ಕೆ ಸರಿ, ಗಾರೆಗೆ ಆ ದಂಡೆಯ ಉಸುಕು ಆಗುವುದಿಲ್ಲ. ಉಪ್ಪು ಗಿಲಾವಿನೊಳಗೆ ಸೇರಿದರೆ ಬೇಸಿಗೆಯಲ್ಲಿ ನೀರಿನೊಂದಿಗೆ ಮೇಲ್ಮೈಗೆ ಬಂದು ಹರಳುಗಟ್ಟಿ, ಗಿಲಾವನ್ನು ಪದರು ಪದರಾಗಿ ಉದುರಿಸುತ್ತದೆ. ಭೀಮಾ ಉಸುಕು ತರಿಸಿದಾಗಲೂ ಗೌಂಡಿಗಳು ಒಂದು ಚಿಟಿಕೆ ನಾಲಗೆಯ ಮೇಲಿಟ್ಟು ನೋಡಿಯೇ ಒಪ್ಪುತ್ತಿದ್ದರು, ಆಮೇಲೆ ನಾನು ಪ್ರಯೋಗಶಾಲೆಗೆ ಮಾದರಿ ಕಳಿಸುತ್ತಿದ್ದೆ.

ಮೂರನ್ನೂ ಕೂಡಿಸಿ ಗಾಣಕ್ಕೆ ಹಾಕಿ ಅರೆಯಬೇಕು. ಮೊದಲು ಎತ್ತು ಎಳೆಯುತ್ತಿದ್ದ ಕಲ್ಲಿನ ಚಕ್ರವನ್ನು ಈಗ ಮೋಟರು ತಿರುಗಿಸುತ್ತದೆ. ಕಾಂಕ್ರೀಟ್ ಕಲಸುವ ಯಂತ್ರ ಇದಕ್ಕೆ ಬದಲಿಯಾಗಲಾರದು, ಏಕೆಂದರೆ ಅದು ಕಲಸುತ್ತದೆ, ಅರೆಯುವುದಿಲ್ಲ. ಅಳಲೆಕಾಯಿಯನ್ನು ಜಜ್ಜಿ ಬೆಲ್ಲದೊಂದಿಗೆ ನೀರಿನಲ್ಲಿ ನೆನೆಹಾಕಿ, ಹುಳಿ ವಾಸನೆ ಬಂದ ಮೇಲೆ ಸೋಸಿ, ಗಾರೆ ಕಲಸುವ ನೀರಿಗೆ ಸೇರಿಸುತ್ತಿದ್ದೆವು. ಬೆಲ್ಲ ಗಾರೆಯನ್ನು ಜಿಗುಟಾಗಿಸಿ ಅವಸರದಲ್ಲಿ ಒಣಗದಂತೆ ತಡೆಯುತ್ತದೆ. 40 ಡಿಗ್ರಿ ದಾಟುವ ಈ ಊರಿನ ಬಿಸಿಲಿಗೆ ಆ ಗುಣ ಬೇಕೇ ಬೇಕು. ಹೆಚ್ಚು ಬೆಲ್ಲ ಹಾಕಿದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ಮಾತ್ರ ಸುಳ್ಳು. ಬೆಲ್ಲ ಮಿತಿ ಮೀರಿದ ಗಾರೆ ವಾರಗಟ್ಟಲೆ ಮೆತ್ತಗೇ ಉಳಿದು, ಇರುವೆಗಳಿಗೂ ಬೂಷ್ಟಿಗೂ ಮನೆಯಾಗುತ್ತದೆ.

ಹಳೆಯ ಸಿಮೆಂಟಿನ ತೇಪೆಗಳನ್ನು ತೆಗೆಯುವುದು ಇಡೀ ಕೆಲಸದಲ್ಲಿ ಅತ್ಯಂತ ನಿಧಾನದ ಭಾಗ. ಸಿಮೆಂಟು ಸುತ್ತಲಿನ ಸುಣ್ಣಕ್ಕಿಂತ ಬಹಳ ಗಟ್ಟಿ ಹಾಗೂ ತೇವವನ್ನು ಹೊರಬಿಡದ ವಸ್ತು. ಬಿಸಿಲಿಗೆ ಗುಮ್ಮಟದ ಮೈ ಹಿಗ್ಗಿ, ರಾತ್ರಿ ಕುಗ್ಗುವಾಗ ಸುಣ್ಣದ ಗಿಲಾವು ಆ ಅಲುಗಾಟವನ್ನು ಸಹಿಸಿಕೊಂಡು ಹೋಗುತ್ತದೆ, ಸಿಮೆಂಟಿನ ತೇಪೆ ಬಗ್ಗುವುದಿಲ್ಲ. ಆದ್ದರಿಂದ ತೇಪೆಯ ಸುತ್ತ ಕೂದಲೆಳೆಯ ಬಿರುಕು ಬಿಟ್ಟು, ಅದರಿಂದ ನೀರು ಒಳಗಿಳಿಯುತ್ತದೆ. ಇಳಿದ ನೀರಿಗೆ ಹೊರಬರಲು ತೇಪೆ ಬಿಡುವುದಿಲ್ಲ. ಅದು ಹಳೆಯ ಗಾರೆಯನ್ನೇ ಕರಗಿಸಿಕೊಂಡು ಪಕ್ಕಕ್ಕೆ ಹರಿಯುತ್ತದೆ. ಒಂದು ಕಡೆ ನಾವು ತೇಪೆಯ ಅಂಚನ್ನು ಎತ್ತಿದಾಗ ಅದರ ಅಡಿಯ ಮೂಲ ಗಾರೆ ಬೆರಳಿಗೆ ಪುಡಿಯಾಗಿ ಬರುವಷ್ಟು ಸೊರಗಿತ್ತು. ಅಲ್ಲಿಂದ ಎರಡು ಅಡಿ ಆಚೆ, ಯಾರೂ ಮುಟ್ಟದೆ ಬಿಟ್ಟ ಜಾಗದಲ್ಲಿ, ಹದಿನೇಳನೆಯ ಶತಮಾನದ ಗಾರೆ ಉಳಿಗೆ ಟಣ್ ಎನ್ನುತ್ತಿತ್ತು. ಯಂತ್ರದಿಂದ ಒಡೆದರೆ ಕಂಪನಕ್ಕೆ ಅಕ್ಕಪಕ್ಕದ ಒಳ್ಳೆಯ ಗಿಲಾವೂ ಬಿಡುವುದರಿಂದ ಸಣ್ಣ ಉಳಿ, ಹಗುರ ಸುತ್ತಿಗೆಯಿಂದಲೇ ಕೆಲಸ ಸಾಗಬೇಕು. ಕೆಲವು ತೇಪೆಗಳನ್ನು ತೆಗೆದರೆ ಇಟ್ಟಂಗಿಯ ಮೈಯೇ ಕಿತ್ತು ಬರುವಂತಿದ್ದವು. ಅವುಗಳನ್ನು ಹಾಗೆಯೇ ಬಿಟ್ಟು ಅಂಚುಗಳನ್ನು ಮಾತ್ರ ಸುಣ್ಣದಿಂದ ಮುಚ್ಚಿದೆವು. ಇದನ್ನು ಕಂಡು, ಎಲ್ಲವನ್ನೂ ತೆಗೆದು ಒಂದೇ ಬಣ್ಣಕ್ಕೆ ತರಬಾರದೇಕೆಂದು ಕೇಳಿದವರಿದ್ದರು. ತೆಗೆಯುವುದರಿಂದ ಆಗುವ ಹಾನಿ ಬಿಡುವುದರಿಂದ ಆಗುವ ಹಾನಿಗಿಂತ ಹೆಚ್ಚಿದ್ದರೆ ಬಿಡಬೇಕು ಎಂಬುದೇ ನನ್ನ ಉತ್ತರವಾಗಿತ್ತು, ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಮಾಳಿಗೆಯ ಕೆಲಸ ಬೇರೆ ಬಗೆಯದು. ಇಟ್ಟಂಗಿಯ ಚೂರು ಮತ್ತು ಗಾರೆಯನ್ನು ಕಲಸಿ ಹರಡಿ, ನೀರಿನ ದೋಣಿಯ ಕಡೆಗೆ ಇಳಿಜಾರು ಕೊಟ್ಟು, ಮರದ ಬಡಿಗೆಗಳಿಂದ ಬಡಿಯುತ್ತಾ ಹೋಗಬೇಕು. ಹೆಣ್ಣಾಳುಗಳು ಸಾಲಾಗಿ ಕುಳಿತು, ನಡುನಡುವೆ ಅಳಲೆ–ಬೆಲ್ಲದ ನೀರು ಚಿಮುಕಿಸಿಕೊಂಡು, ದಿನಗಟ್ಟಲೆ ಬಡಿಯುತ್ತಾರೆ. ಮೊದಲ ದಿನ ಬಡಿಗೆಯ ಸದ್ದು ಮಂದವಾಗಿರುತ್ತದೆ, ಗಾರೆ ಬಿಗಿಯಾದಂತೆ ಸದ್ದು ಏರುತ್ತದೆ, ಕೊನೆಗೆ ಬಡಿಗೆ ಪುಟಿದು ಮೇಲೇಳುವ ಹಂತ ಬಂದಾಗ ನಿಲ್ಲಿಸಬೇಕು. ಆಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹಗಲಿನಲ್ಲಿ ಒಂದು ಹೊತ್ತೂ ಒಣಗಲು ಬಿಡದೆ ನೋಡಿಕೊಳ್ಳುವುದು. ಈ ಕೊನೆಯ ಕೆಲಸಕ್ಕೆ ಕೂಲಿ ತೋರಿಸಿದರೆ ಬಿಲ್ಲು ಪರಿಶೀಲಿಸುವವರಿಗೆ ಅದು ಸುಮ್ಮನೆ ನೀರು ಸುರಿಯುವ ಖರ್ಚಾಗಿ ಕಾಣುತ್ತದೆ. ಗೋಣಿಯಡಿ ಕಳೆಯುವ ಆ ವಾರಗಳಲ್ಲೇ ಮಾಳಿಗೆಯ ಆಯುಷ್ಯ ತೀರ್ಮಾನವಾಗುತ್ತದೆಂದು ಪ್ರತಿ ಬಾರಿಯೂ ಬರವಣಿಗೆಯಲ್ಲಿ ವಿವರಿಸಬೇಕಾಗುತ್ತಿತ್ತು.

ಗ್ಯಾಲರಿಯೊಳಗೆ ಗಿಲಾವಿನ ಪರೀಕ್ಷೆ ಮಾಡುವಾಗ ಬೇರೆಲ್ಲೂ ಇಲ್ಲದ ಒಂದು ಫಜೀತಿ ಎದುರಾಗುತ್ತದೆ. ಗಿಲಾವು ಗೋಡೆಗೆ ಅಂಟಿದೆಯೋ ಬಿಟ್ಟಿದೆಯೋ ಎಂದು ತಿಳಿಯಲು ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು ರೂಢಿ. ಅಂಟಿದ್ದರೆ ದನಿ ಬಿಗಿ, ಬಿಟ್ಟಿದ್ದರೆ ಪೊಳ್ಳು. ಇಲ್ಲಿ ತಟ್ಟಿದರೆ ಆ ಸಣ್ಣ ಟಕ್ ಎಂಬ ಸದ್ದು ಎದುರು ಗೋಡೆಗೆ ಹೋಗಿ ಮತ್ತೆ ಮತ್ತೆ ತಿರುಗಿ ಬರುತ್ತದೆ. ಹಿಂದಿನ ಏಟಿನ ಪ್ರತಿಧ್ವನಿ ಮುಂದಿನ ಏಟಿನ ಮೇಲೆ ಬಿದ್ದು, ಗಟ್ಟಿ ಜಾಗ ಪೊಳ್ಳಾಗಿಯೂ ಪೊಳ್ಳು ಜಾಗ ಗಟ್ಟಿಯಾಗಿಯೂ ಕೇಳಿಸುತ್ತದೆ. ಪ್ರವಾಸಿಗರು ಬಂದು ಕೂಗಲು ಆರಂಭಿಸಿದರಂತೂ ಮುಗಿಯಿತು. ನಾವು ಕಂಡುಕೊಂಡ ದಾರಿ ಸರಳವಾದದ್ದು. ಎಡಗೈಯ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು, ಅದರ ಪಕ್ಕದಲ್ಲಿ ಬಲಗೈಯಿಂದ ತಟ್ಟಿದರೆ, ಬಿಟ್ಟುಕೊಂಡ ಗಿಲಾವು ಅಂಗೈಯಡಿ ಸಣ್ಣಗೆ ನಡುಗುತ್ತದೆ, ಅಂಟಿಕೊಂಡಿದ್ದು ನಡುಗುವುದಿಲ್ಲ. ಕಿವಿಯನ್ನು ಬಿಟ್ಟು ಕೈಯನ್ನು ನಂಬಿ, ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಗ್ಯಾಲರಿಯ ಒಂದೊಂದೇ ಪಾಲನ್ನು ಹೀಗೆ ತಡವುತ್ತಾ ಪೊಳ್ಳು ಜಾಗಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದೆವು. ಗೆರೆಯೊಳಗಿನದನ್ನೆಲ್ಲ ಕೆಡವಬೇಕೆಂದೇನೂ ಇಲ್ಲ. ಅಂಚು ಭದ್ರವಾಗಿದ್ದು ನಡುವೆ ಮಾತ್ರ ಬಿಟ್ಟಿದ್ದರೆ, ಸಣ್ಣ ರಂಧ್ರದ ಮೂಲಕ ಸುಣ್ಣದ ಹಾಲು ತುಂಬಿ, ಮೆತ್ತೆಯಿಟ್ಟ ಹಲಗೆಯನ್ನು ಆನಿಸಿ ಹಿಡಿದರೆ ಮೂಲ ಗಿಲಾವೇ ಮತ್ತೆ ಅಂಟಿಕೊಳ್ಳುತ್ತದೆ. ಹೊಸದನ್ನು ಹಚ್ಚಬೇಕಾಗಿ ಬಂದ ಕಡೆ ಮೇಲ್ಮೈಯನ್ನು ಹಳೆಯದಕ್ಕಿಂತ ಹೆಚ್ಚು ನುಣುಪು ಮಾಡದಂತೆ ನೋಡಿಕೊಂಡೆವು.

ಅದೇ ಗ್ಯಾಲರಿಯ ಗೋಡೆಗಳ ಮೇಲೆ ಮೊಳೆಯಿಂದ ಕೆತ್ತಿದ ಹೆಸರುಗಳು ಮತ್ತು ಹೃದಯದ ಚಿತ್ರಗಳ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ. ಕೆತ್ತಿದ್ದನ್ನು ತುಂಬಿದಷ್ಟೂ ಹೊಸ ಮೇಲ್ಮೈ ಸಿಕ್ಕಿತೆಂದು ಮತ್ತೆ ಕೆತ್ತುವವರಿರುವುದರಿಂದ ಆಳವಾದ ಗೀರುಗಳನ್ನು ಮಾತ್ರ ತುಂಬುವುದು ವಾಡಿಕೆ. ಹೆಜ್ಜೇನು ಕಮಾನಿನಡಿ ಕಟ್ಟಿದಾಗ ಆ ಬದಿಯ ಸಾರುವೆಯ ಕೆಲಸ ನಿಲ್ಲಿಸಿ ಬೇರೆ ಬದಿಗೆ ಹೋಗುವುದೇ ಜಾಣತನ. ಮಳೆಗಾಲದ ಪಾಚಿ ಒಣಗಿ ಗುಮ್ಮಟ ಕಪ್ಪಾಗುವುದನ್ನು ತೊಳೆಯುವ ಕೆಲಸ ನಮ್ಮದಲ್ಲ, ಅದು ಡೆಹ್ರಾಡೂನಿನಲ್ಲಿ ಕೇಂದ್ರವಿರುವ ಪುರಾತತ್ತ್ವ ಸರ್ವೇಕ್ಷಣದ ವಿಜ್ಞಾನ ಶಾಖೆಯವರದು. ತೆಳುವಾದ ಅಮೋನಿಯಾ ದ್ರಾವಣ ಮತ್ತು ಮೃದು ಕುಂಚದಿಂದ ಅವರು ಮಾಡುವ ಕೆಲಸಕ್ಕೆ ಮೊದಲು ಬಿರುಕುಗಳನ್ನು ಮುಚ್ಚಿಕೊಡುವುದಷ್ಟೇ ನಮ್ಮ ಪಾಲು. ಗುಮ್ಮಟ ಕಪ್ಪಾಗಿದೆಯೆಂದು ದೂರುಗಳು ಬರುವಷ್ಟು ಮಾಳಿಗೆಯಲ್ಲಿ ನೀರು ನಿಂತಿದೆಯೆಂದು ಬರುವುದಿಲ್ಲ.

ಬಿರುಕುಗಳ ವಿಚಾರದಲ್ಲಿ ಗಾಬರಿಪಡುವವರೇ ಹೆಚ್ಚು. ಇಷ್ಟು ದೊಡ್ಡ ಸುಣ್ಣದ ಚಿಪ್ಪಿನಲ್ಲಿ ಬಿರುಕು ಇರುವುದು ಸುದ್ದಿಯಲ್ಲ, ಅದು ಬೆಳೆಯುತ್ತಿದೆಯೇ ಎಂಬುದೇ ಪ್ರಶ್ನೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗಳಲ್ಲಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದು ಬಿಡುವುದು ಹಳೆಯ ವಿಧಾನ. ಚಲನೆಯಿದ್ದರೆ ಗಾಜು ಒಡೆಯುತ್ತದೆ. ಗಾಜು ಒಡೆದ ಮಾತ್ರಕ್ಕೆ ಅಪಾಯವೆಂದೂ ಅಲ್ಲ, ಏಕೆಂದರೆ ಬೇಸಿಗೆಯಲ್ಲಿ ಬಾಯಿಬಿಟ್ಟು ಚಳಿಗಾಲದಲ್ಲಿ ಮುಚ್ಚಿಕೊಳ್ಳುವ ಅಥವಾ ಅದಕ್ಕೆ ತಿರುಗಾ ಮಾಡುವ ಬಿರುಕುಗಳಿವೆ. ಆದ್ದರಿಂದ ಎರಡು ಕಡೆ ಸಣ್ಣ ಲೋಹದ ಗುಂಡಿಗಳನ್ನು ಕೂರಿಸಿ ನಡುವಿನ ಅಂತರವನ್ನು ಪ್ರತಿ ಋತುವಿನಲ್ಲೂ ಒಂದೇ ಹೊತ್ತಿನಲ್ಲಿ, ಸಾಧ್ಯವಾದರೆ ಸೂರ್ಯೋದಯಕ್ಕೆ ಮುನ್ನ, ಅಳೆದು ಬರೆದಿಡುವುದು ಮೇಲು. ಮಧ್ಯಾಹ್ನದ ಅಳತೆಯನ್ನೂ ಮುಂಜಾನೆಯ ಅಳತೆಯನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ.

ಪ್ರಾಚೀನ ಸ್ಮಾರಕಗಳ ರಕ್ಷಣೆಗಿರುವ 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಿಂದ ಸಂರಕ್ಷಿತ ಗಡಿಯಿಂದ 100 ಮೀಟರ್ ವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ವರೆಗೆ ಅನುಮತಿ ಪಡೆದೇ ಕಟ್ಟಬೇಕೆಂಬ ನಿಯಮ ಬಂದಿದೆ. ವಿಜಯಪುರದಂತಹ ಊರಿನಲ್ಲಿ, ಒಂದು ಸ್ಮಾರಕದ ಗಡಿ ಮುಗಿಯುವಷ್ಟರಲ್ಲಿ ಇನ್ನೊಂದರದು ಆರಂಭವಾಗುವುದರಿಂದ, ಈ ನಿಯಮ ಎಷ್ಟೋ ಕುಟುಂಬಗಳಿಗೆ ಸ್ವಂತ ಮನೆಯ ಶೌಚಾಲಯ ದುರಸ್ತಿಗೂ ಅರ್ಜಿ ಹಿಡಿದು ಅಲೆಯುವ ಕಷ್ಟ ತಂದಿದೆ. ಅವರ ಸಿಟ್ಟು ನ್ಯಾಯವಾದದ್ದೇ. ನಿಯಮವಿಲ್ಲದಿದ್ದರೆ ಗುಮ್ಮಟದ ಸುತ್ತ ಕೊಳವೆಬಾವಿ, ನೆಲಮಾಳಿಗೆಗಳು ಏಳುತ್ತಿದ್ದವೆಂಬುದೂ ಅಷ್ಟೇ ನಿಜವಾದ್ದರಿಂದ ಎರಡರ ನಡುವೆ ನನಗೆ ಸುಲಭದ ತೀರ್ಪು ಸಿಕ್ಕಿಲ್ಲ.

ಈಗ ಈ ಕೆಲಸಕ್ಕೆ ಬರುವ ಹೊಸಬರು ನನ್ನನ್ನು ಕೇಳುವುದು ಹೆಚ್ಚಾಗಿ ಸಾಮಗ್ರಿಯ ಪ್ರಮಾಣಗಳನ್ನು: ಸುಣ್ಣ ಎಷ್ಟು, ಸುರ್ಕಿ ಎಷ್ಟು, ಉಸುಕು ಎಷ್ಟು. ಒಂದು ಪಾಲು ಸುಣ್ಣಕ್ಕೆ ಒಂದು ಪಾಲು ಸುರ್ಕಿ, ಒಂದು ಪಾಲು ಉಸುಕಿನಿಂದ ಆರಂಭಿಸಿ ಎಂದು ಹೇಳುತ್ತೇನೆ. ಜೊತೆಗೆ, ಆ ಪ್ರಮಾಣದ ಒಂದು ಚಿಕ್ಕ ಮಾದರಿಯನ್ನು ಮಾಳಿಗೆಯ ಮರೆಯ ಮೂಲೆಯಲ್ಲಿ ಹಚ್ಚಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದ ಮೇಲೆ ಉಗುರಿನಿಂದ ಗೀರಿ, ಹಳೆಯ ಗಾರೆಯನ್ನೂ ಪಕ್ಕದಲ್ಲೇ ಗೀರಿ ನೋಡಿ ಎನ್ನುತ್ತೇನೆ. ಹೊಸದರ ಮೇಲೆ ಗೀರು ಸ್ವಲ್ಪ ಹೆಚ್ಚು ಆಳವಾಗಿ ಬೀಳಬೇಕು. ಅಷ್ಟು ಬೀಳದಿದ್ದರೆ ಸುರ್ಕಿಯನ್ನು ಕಡಿಮೆ ಮಾಡಿ ಇನ್ನೊಂದು ಮಾದರಿ ಹಚ್ಚಬೇಕು. ಅಂದಾಜುಪಟ್ಟಿ ಒಂದೇ ಆರ್ಥಿಕ ವರ್ಷದೊಳಗೆ ಮುಗಿಯಬೇಕಾದ್ದರಿಂದ ಇಷ್ಟು ಕಾಲ ಸಿಗುವುದಿಲ್ಲವೆಂಬುದು ಅವರ ತಕರಾರು, ಅದು ಸುಳ್ಳಲ್ಲ. ನಾವು ಅದಕ್ಕೆ ಮಾಡಿಕೊಂಡಿದ್ದ ಉಪಾಯವೆಂದರೆ, ಈ ವರ್ಷದ ಕೆಲಸದ ಸುಣ್ಣವನ್ನು ತಗ್ಗಿಗೆ ಇಳಿಸುವಾಗಲೇ ಮುಂದಿನ ವರ್ಷದ ಕೆಲಸಕ್ಕೆ ಬೇಕಾದ ಮಾದರಿಗಳನ್ನೂ ಹಚ್ಚಿ, ದಿನಾಂಕ ಮತ್ತು ಪ್ರಮಾಣವನ್ನು ಪಕ್ಕದಲ್ಲೇ ಗೀಚಿ, ದಿನಚರಿ ಪುಸ್ತಕದಲ್ಲಿ ಜಾಗದ ನಕ್ಷೆ ಬರೆದಿಡುತ್ತಿದ್ದುದು. ವರ್ಗವಾಗಿ ಹೋಗುವಾಗ ಆ ಪುಸ್ತಕವನ್ನು ಬೀಗದ ಕೈಗಳ ಜೊತೆ ಮುಂದಿನವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದೆವು.